ಅಕ್ಕನ ನಾಲ್ಕನೇ ಡ್ರೈವಿಂಗ್ ಪರೀಕ್ಷೆ

ನಮ್ಮಕ್ಕ ಮೂರನೇ ಸಲವೂ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದ ದಿನ ನಾನು ನಿಜವಾಗಿಯೂ ಹಣೆ ಹಣೆ ಚಚ್ಚಿಕೊಂಡೆ. ಪರೀಕ್ಷಕರು ಕೊಟ್ಟ ಚೀಟಿಯಲ್ಲಿ ಮೂರು ಸಲವೂ ಒಂದೇ ಷರಾ: ಸುತ್ತಮುತ್ತ ಗಮನಿಸುವುದು ಸಾಲದು. ಗೇರು, ಬ್ರೇಕು, ಏರಿನಲ್ಲಿ ನಿಲ್ಲಿಸಿ ಹೊರಡುವುದು, ಯಾವುದರಲ್ಲೂ ತಪ್ಪಿಲ್ಲ. ಇಪ್ಪತ್ತಾರು ವರ್ಷ ಹೊಲಿಗೆ ಮಿಷನ್ ತುಳಿದ ಕಾಲಿಗೆ ಕಾರಿನ ಪೆಡಲ್ ಯಾವ ಲೆಕ್ಕ? ನೋಡುವುದೊಂದು ಬಿಟ್ಟು ಎಲ್ಲ ಬರುತ್ತಿತ್ತು.

ಅಕ್ಕ ದರ್ಜಿ. ರಸ್ತೆಯ ಆಚೆ ಬದಿ ಹೋಗುವವರ ಅಂಗಿ ನೋಡಿ, ಎಡ ತೋಳು ಕಾಲಿಂಚು ಗಿಡ್ಡ ಎಂದು ಹೇಳಿಬಿಡುತ್ತಾಳೆ. ಅಂಥವಳಿಗೆ ಪಕ್ಕದಲ್ಲಿ ಬರುವ ಬೈಕು ಕಾಣುವುದಿಲ್ಲವೆಂದರೆ ಯಾರು ನಂಬಬೇಕು?

ನನ್ನ ಅವಸರಕ್ಕೆ ಕಾರಣವಿತ್ತು. ಭಾವನ ಎರಡೂ ಮೂತ್ರಪಿಂಡ ಕೈಕೊಟ್ಟು ಮೂರು ವರ್ಷ. ವಾರಕ್ಕೆ ಮೂರು ದಿನ ಅವರನ್ನು ಡಯಾಲಿಸಿಸ್‌ಗೆ ಕರೆದೊಯ್ದು, ನಾಲ್ಕು ಗಂಟೆ ಕಾದು, ವಾಪಸು ಕರೆತರುವುದು ನಾನು. ಮನೆಯಲ್ಲಿ ಕಾರು ಓಡಿಸುವವಳು ನಾನೊಬ್ಬಳೇ. ಬಸ್ಸಿಳಿದು ನಡೆಯುವಷ್ಟು ತ್ರಾಣ ಅವರಿಗಿಲ್ಲ. ಇತ್ತ ನಾನು ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ದೂರದ ಊರಿನ ಲ್ಯಾಬಿಗೆ ಮುಖ್ಯಸ್ಥೆಯಾಗಿ ಬನ್ನಿ ಎಂದು ಈಗ ಪತ್ರ ಬಂದಿತ್ತು. ಒಂದನೇ ತಾರೀಖಿಗೆ ಹಾಜರಾಗಬೇಕು, ಇಲ್ಲವಾದರೆ ಆ ಕುರ್ಚಿ ಪಟ್ಟಿಯಲ್ಲಿ ನನ್ನ ನಂತರ ಇದ್ದವರಿಗೆ. ಅಕ್ಕನಿಗೆ ಲೈಸೆನ್ಸ್ ಸಿಕ್ಕರೆ ನಾನು ಹೊರಡಬಹುದು, ಸಿಗದಿದ್ದರೆ ಕೈಗೆ ಬಂದ ತುತ್ತು ಬಾಯಿಗಿಲ್ಲ. ಆ ತಾರೀಖಿನೊಳಗೆ ಉಳಿದದ್ದು ಒಂದೇ ಒಂದು ಪರೀಕ್ಷೆ.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ನಾವಿಟ್ಟ ಹೆಸರು ನಿಧಾನಪ್ಪ. ಅವರು ಒಂದು ಅಭ್ಯಾಸ ಹೇಳಿಕೊಟ್ಟರು. ಓಡಿಸುತ್ತ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ಮುಂದಿನದು, ಪಕ್ಕದ್ದು, ಹಿಂದಿನದು. ಅಕ್ಕ ಶುರುಮಾಡಿದಳು. ಮುಂದೆ ಲಾರಿ. ಬಲಗಡೆ ಶಾಲೆ. ರಸ್ತೆ ದಾಟುವ ಹೆಂಗಸು, ಆಕೆಯ ಕೋಟಿನ ಅಂಚು ಬಿಚ್ಚಿದೆ. ಸೈಕಲ್ಲಿನವನ ಪ್ಯಾಂಟಿಗೆ ಯಾರೋ ಬೇರೆ ಬಣ್ಣದ ದಾರ ಹಾಕಿದ್ದಾರೆ. ಭುಜದ ಹಿಂದೆ ಏನಿದೆ ಎಂದು ಮೇಷ್ಟ್ರು ಕೇಳಿದರೆ ಉತ್ತರವಿಲ್ಲ. ರಸ್ತೆ ನೋಡು ಅಂದರೆ ಬಟ್ಟೆ ನೋಡುತ್ತೀಯಲ್ಲ ಎಂದು ನಾನು ರೇಗಿದೆ. ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ.

ಯಾವ ಕನ್ನಡಿಯಲ್ಲೂ ಕಾಣದ ಜಾಗವೊಂದು ಭುಜದ ಹಿಂದೆ ಇರುತ್ತದೆ. ಪಕ್ಕಕ್ಕೆ ಸರಿಯುವ ಮೊದಲು ಕತ್ತು ತಿರುಗಿಸಿ ಅದನ್ನು ನೋಡಲೇಬೇಕು. ಅಕ್ಕ ಕಣ್ಣುಗುಡ್ಡೆ ಮಾತ್ರ ಹೊರಳಿಸಿ ಹೊರಟುಬಿಡುತ್ತಿದ್ದಳು. ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಹೂಂ ಅನ್ನುತ್ತಾಳೆ, ಮುಂದಿನ ತಿರುವಿನಲ್ಲಿ ಅದೇ ರಾಗ ಅದೇ ಹಾಡು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೂ ಸಾಕಾಯಿತು ಅನ್ನಿಸಿತು. ಇವಳಿಗೆ ಬೇಕಾಗಿಯೇ ಇಲ್ಲ, ನಾನು ಈ ಊರು ಬಿಡುವುದು ಇವಳಿಗೆ ಇಷ್ಟವಿಲ್ಲ ಎಂಬ ಅನುಮಾನ ಹುಟ್ಟಿ, ಹುಟ್ಟಿದ್ದು ದಿನದಿನಕ್ಕೆ ಬೆಳೆಯಿತು.

ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಗೋದಾಮಿನ ಹಿಂದಿನ ಖಾಲಿ ಮೈದಾನಕ್ಕೆ ನಾವಿಬ್ಬರೇ ಹೋದೆವು. ನಾನು ಕಾರಿನ ಹಿಂಬದಿಯ ಮೂಲೆಯಲ್ಲಿ ನಿಂತು ಬೆರಳೆತ್ತಿ, ಎಷ್ಟು ಅಂತ ಹೇಳು ಎಂದೆ. ಅವಳು ತಿರುಗದೆಯೇ ಎರಡು ಅಂದಳು. ಎತ್ತಿದ್ದು ನಾಲ್ಕು. ಇನ್ನೊಂದು ಸಲ ಕೇಳಿದೆ, ಮೂರು ಅಂದಳು. ಆಗ ನಾನು ಕೈಯನ್ನೇ ಎತ್ತಿರಲಿಲ್ಲ. ಪಿತ್ತ ನೆತ್ತಿಗೇರಿತು. ದಡದಡ ಹೋಗಿ ಬಾಗಿಲು ತೆಗೆದು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ತಿರುಗಿಸಿದೆ. ಅರ್ಧ ತಿರುಗುವ ಮೊದಲೇ ಅವಳ ಬಾಯಿಂದ ಬಂದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೈ ಬಿಟ್ಟೆ.

“ಅಷ್ಟೇ ಕಣೇ ತಿರುಗೋದು,” ಅಂದಳು ಅಕ್ಕ. “ಎರಡು ವರ್ಷ ಆಯ್ತು. ಮಿಷನ್ ಮೇಲೆ ಬಗ್ಗಿ ಬಗ್ಗಿ ಹಿಡ್ಕೊಂಡ್ಬಿಟ್ಟಿದೆ.”

“ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳಿದ್ರೆ ನೀನು ಹೋಗ್ತಿದ್ಯಾ?”

ಎರಡು ವರ್ಷದಿಂದ ಅವಳ ಅಂಗಡಿಯಲ್ಲಿ ತಿರುಗುವ ಸ್ಟೂಲಿದೆ, ಮಹಾರಾಣಿಯ ಸಿಂಹಾಸನ ಎಂದು ನಾನೇ ಗೇಲಿ ಮಾಡಿದ್ದೆ. ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಿ ಓಗೊಡುತ್ತಿದ್ದಳು. ಒಂದೇ ಮನೆಯಲ್ಲಿದ್ದು ದಿನವೂ ನೋಡುತ್ತಿದ್ದೆ. ಹನಿ ನೀರಿನಲ್ಲಿ ಕ್ರಿಮಿ ಹುಡುಕುವ ಕೆಲಸ ಬೇರೆ ನನ್ನದು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅವಳ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಮರುದಿನ ನಾನೇ ಮೇಷ್ಟ್ರಿಗೆ ವಿಷಯ ತಿಳಿಸಿದೆ. ಅವರು ಮೊದಲ ಬಾರಿಗೆ ನಿಧಾನ ಬಿಟ್ಟು ಗದರಿದರು. ಇದನ್ನು ಮುಂಚೆಯೇ ಹೇಳಿದ್ದರೆ ಮೊದಲನೇ ಪರೀಕ್ಷೆಯಲ್ಲೇ ಪಾಸು ಮಾಡಿಸುತ್ತಿದ್ದರಂತೆ. ಕತ್ತು ತಿರುಗದಿದ್ದರೆ ಸೊಂಟದಿಂದ ತಿರುಗಬೇಕು, ಪಕ್ಕದ ಕನ್ನಡಿಗೆ ಚಿಕ್ಕದೊಂದು ಉಬ್ಬುಗನ್ನಡಿ ಅಂಟಿಸಬೇಕು, ಹೊರಡುವ ಮುಂಚೆ ಪರೀಕ್ಷಕರಿಗೆ ತಿಳಿಸಬೇಕು, ಇಷ್ಟೇ. ಮೂರು ದಿನ ಅಕ್ಕ ಸೊಂಟ ತಿರುಗಿಸುವುದನ್ನೇ ಕಲಿತಳು. ನಾಲ್ಕನೇ ಪರೀಕ್ಷೆಯಲ್ಲಿ ಪಾಸಾದಳು.

ಲೈಸೆನ್ಸ್ ಕೈಗೆ ಬಂದ ಮೇಲಿನ ಮೊದಲ ಡಯಾಲಿಸಿಸ್ ದಿನ ಕಾರು ಓಡಿಸಿದ್ದು ಅಕ್ಕ. ಪಕ್ಕದಲ್ಲಿ ಭಾವ, ಹಿಂದಿನ ಸೀಟಿನಲ್ಲಿ ನಾನು. ಇನ್ನು ಮೇಲೆ ನಾದಿನಿಯ ಬೈಗುಳ ತಪ್ಪಿತು ಎಂದು ಭಾವ ದಾರಿಯುದ್ದಕ್ಕೂ ತಮಾಷೆ ಮಾಡಿದರು. ಅಕ್ಕ ಒಂದು ತಪ್ಪೂ ಮಾಡಲಿಲ್ಲ. ಪ್ರತಿ ತಿರುವಿನಲ್ಲೂ ಸೊಂಟದಿಂದ ತಿರುಗಿ ನೋಡಿದಳು, ಪ್ರತಿ ಸಲವೂ ಹಲ್ಲು ಕಚ್ಚಿ ಉಸಿರೆಳೆದಳು. ಭಾವನ ಮಾತಿನ ನಡುವೆಯೂ ನನಗೆ ಅದು ಕೇಳಿಸುತ್ತಿತ್ತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹತ್ತೊಂಬತ್ತು ಸಲ. ವಾಪಸು ಬರುವುದು ಬೇರೆ ಇತ್ತು, ಅದೂ ವಾರಕ್ಕೆ ಮೂರು ದಿನ.

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ, ಅಕ್ಕ ಕನ್ನಡಿಯಲ್ಲಿ ನನ್ನ ಕಡೆ ನೋಡಿದಳು.

“ಯಾವಾಗ ಹೊರಡ್ತೀಯಾ?”

“ನಾಡಿದ್ದು,” ಅಂದೆ.