ಕುಂಕುಮದ ಕೆಳಗಿನ ಗೀರು

ಅರಕಲಗೂಡಿನ ದ್ಯಾವಯ್ಯ ಪಂಪ್‌ಸೆಟ್ಟು ರಿಪೇರಿಯವನು. ಹೆಸರು ಬಂದಿದ್ದು ಮಾತ್ರ ಹಳೇ ಕೋವಿಗಳಿಂದ. ತುಕ್ಕು ಹಿಡಿದು ಕಚ್ಚಿಕೊಂಡ ಸ್ಕ್ರೂ ಬಿಚ್ಚೋದಕ್ಕೆ ಸುತ್ತಿನ ತಾಲ್ಲೂಕುಗಳಿಗೆಲ್ಲ ಅವನೊಬ್ಬನೇ. "ನನ್ ಕೈಲಿ ಒಂದು ಗೀರು ಬಿದ್ದಿದ್ದು ತೋರ್ಸಿ, ಕಸುಬೇ ಬಿಡ್ತೀನಿ" ಅಂತ ಟೀ ಅಂಗಡೀಲಿ ಕೂತು ಹೇಳೋನು. ಯಾರೂ ತೋರಿಸಿರಲಿಲ್ಲ. ತೋರಿಸೋಕೆ ಕೋವಿ ಇಟ್ಟುಕೊಂಡವರಾದರೂ ಎಷ್ಟು ಜನ ಇದ್ದಾರು!

ಹಳೇಕೋಟೆಯ ಪುಟ್ಟಸ್ವಾಮಿ ಮನೇಲಿ ತಾತನ ಕಾಲದ ಕೋವಿ ಇತ್ತು. ಅದರಲ್ಲಿ ಒಂದು ಅಳಿಲೂ ಸತ್ತಿರಲಿಲ್ಲ. ಕುದುರೆ, ಅಂದರೆ ಬೆರಳಲ್ಲಿ ಎಳೆಯೋ ಕೀಲು, ಎಳೆದರೆ ಅಲ್ಲಾಡುತ್ತಿರಲಿಲ್ಲ. ಆಯುಧಪೂಜೆಗೆ ಹೊಸ ಬೀಗರು ಬರೋರಿದ್ದರು. ಅವರ ಮುಂದೆ ಒಂದ್ಸಲ 'ಟಕ್' ಅನ್ನಬೇಕು, ಅಷ್ಟೇ ಅವನ ಆಸೆ. ದ್ಯಾವಯ್ಯನನ್ನು ಕರೆಸಿದ.

"ಗೀರು ಬಿದ್ರೆ ಬೀಗರ ಮುಂದೇನೇ ನಿನ್ ಮರ್ವಾದೆ ತೆಗೀತೀನಿ ಕಣಯ್ಯಾ" ಅಂದ. ಕೋವಿ ಹೊಸಲು ದಾಟಬಾರದು ಅಂತಲೂ ಅಂದ. ದ್ಯಾವಯ್ಯ ದಿನಾ ಬಸ್ಸು ಹತ್ತಿದ.

ಮೊದಲು ನಳಿಗೆಗೆ ಕಡ್ಡಿ ಬಿಟ್ಟು ಮದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡ. ಕುದುರೆ ಪಕ್ಕದ ತಗಡು ಬಿಚ್ಚಬೇಕಿತ್ತು, ಆದರೆ ಅದರ ಸ್ಕ್ರೂ ತಲೆ ಎಲ್ಲಿದೆ ಅಂತಲೇ ಕಾಣಲಿಲ್ಲ. ವರ್ಷಾವರ್ಷ ಪೂಜೆಗೆ ಬಳಿದ ಕುಂಕುಮಕ್ಕೆ ಎಣ್ಣೆ ಸೇರಿ ಗಾರೆಯಾಗಿತ್ತು.

"ಯಾರ್ ಸಾ ಇಂಗೆ ಬಳ್ದಿದ್ದು?"

"ಮೊದ್ಲು ನಮ್ಮವ್ವ. ಈಗ ಅವ್ವ ನಿಂತು ನನ್ನೆಂಡ್ತಿ ಕೈಲಿ ಬಳಿಸ್ತದೆ. ಭಕ್ತಿ ಅಂದ್ರೆ ಭಕ್ತಿ!"

ಬೆಳ್ಳುಳ್ಳಿ ಸುಲೀತಿದ್ದ ಅವ್ವ ಲಕ್ಷ್ಮಿದೇವಮ್ಮ ತಲೆ ಎತ್ತಲಿಲ್ಲ.

ನಾಕು ದಿನ ಡೀಸೆಲ್ ಹನಿ ಬಿಟ್ಟು, ಬಿದಿರು ಕಡ್ಡೀಲಿ ಕೆರೆದ. ಐದನೇ ದಿನ ಗಾರೆ ಕಿತ್ತು ಬಂತು. ಅದರಡಿ ಸ್ಕ್ರೂ ತಲೆಯಿಂದ ತಗಡಿನ ಉದ್ದಕ್ಕೂ ಒಂದು ಗೀರು! ದ್ಯಾವಯ್ಯ ಅದರ ಮೇಲೆ ಹೆಬ್ಬೆರಳು ಇಟ್ಟ.

ಪುಟ್ಟಸ್ವಾಮಿ ಕಂಡೇಬಿಟ್ಟ. "ತೆಗ್ದ್ಯಲ್ಲಯ್ಯಾ ಮಾನ!"

"ಸ್ಕ್ರೂಡ್ರೈವರ್ ಇನ್ನೂ ಚೀಲದಲ್ಲೇ ಐತೆ ಸಾ."

"ಮತ್ತೆ ಗೀರು ತಾನಾಗೇ ಉಟ್ತಾ?"

"ಕೂಗ್ಬ್ಯಾಡ ಕಣ್ಲಾ" ಅಂದಳು ಲಕ್ಷ್ಮಿದೇವಮ್ಮ. "ಅದು ನಿಮ್ಮಪ್ಪಂದು. ಮದುವೆಯಾದ್ ವರ್ಷ ಕುಡ್ಗೋಲ್ ತುದೀಲಿ ಬಿಚ್ಚೋಕ್ ಓಗಿ ಗೀಚ್ಬುಟ್ರು. ಮಾವ ಕಂಡಿದ್ರೆ ಚರ್ಮ ಸುಲಿಯೋರು. ಅದ್ಕೇ ಕುಂಕುಮ ಮೆತ್ದೆ. ಮಾವ ನೋಡಿ, ಸೊಸೆ ಅಂದ್ರೆ ಇಂಗಿರ್ಬೇಕು ಅಂತ ಊರೆಲ್ಲಾ ಸಾರ್ಕೊಂಡ್ ಬಂದ್ರು. ಆಮ್ಯಾಕೆ ನಿಲ್ಸೋದೆಂಗೆ?"

ಸ್ಕ್ರೂ ಇನ್ನೆರಡು ದಿನ ಡೀಸೆಲ್ಲಿನಲ್ಲಿ ನೆನೆಯಿತು. ಎಂಟನೇ ದಿನ ದ್ಯಾವಯ್ಯ ಡೀಸೆಲ್ ಒರೆಸಿದ. ಸ್ಕ್ರೂಡ್ರೈವರಿನ ತುದಿಯನ್ನು ಸೀಳಿಗೆ ಸರಿಯಾಗಿ ಕೂರುವಷ್ಟು ಅರದಲ್ಲಿ ಉಜ್ಜಿದ. ಕಾಯಿಸಿದ ಬೆಸುಗೆ ಕಡ್ಡಿಯಿಂದ ಸ್ಕ್ರೂ ತಲೆಗೆ ಬಿಸಿ ಮುಟ್ಟಿಸಿ, ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ, ಆಮೇಲೆ ಸಡಿಲದ ಕಡೆಗೆ ತಿರುವಿದ. ಕಿರ್ ಅಂತು, ಬಂತು. ಒಳಗೆ ತೊಳೆದು, ಎಣ್ಣೆ ಕಾಣಿಸಿ, ಜೋಡಿಸಿದ. ಟಕ್!

ಪುಟ್ಟಸ್ವಾಮಿ ಹಿಗ್ಗಲಿಲ್ಲ. ಗೀರು ಸವರುತ್ತಾ, "ಬೀಗರು ಕೇಳಿದ್ರೆ ಅಪ್ಪನ ಎಸ್ರು ಏಳಕ್ಕಾಯ್ತದಾ?" ಅಂದ.

ಹೇಳದಿದ್ದರೆ ಯಾರ ಹೆಸರು ಬರುತ್ತೆ ಅಂತ ದ್ಯಾವಯ್ಯನಿಗೆ ಆಗಲೇ ಗೊತ್ತಾಗಿತ್ತು. ಐದು ದಿನ ಕೆರೆದ ಕೈ ತಾನೇ ಹೋಗಿ ದೇವರ ಗೂಡಿನಿಂದ ಕುಂಕುಮದ ಭರಣಿ ತಂದು ಅವನ ಮುಂದಿಟ್ಟಿತು.

"ತಗಳ್ಳಿ ಸಾ. ವಸಿ ದಪ್ಪಗೇ ಬಳೀರಿ."