ಮೊಳೆ ಕಿತ್ತ ಹಲಗೆಗಳು

ಸಾಮಿಲ್ ಸಾಹೇಬರ ಬಿಳಿ ಗಡ್ಡದಲ್ಲಿ ಬಲಗಡೆ ಮಾತ್ರ ಒಂದು ನೀಲಿ ಪಟ್ಟೆ ಇರುತ್ತಿತ್ತು. ದಿಮ್ಮಿಗೆ ಗೀಟು ಹಾಕುವ ನೀಲಿ ಸೀಮೆಸುಣ್ಣ ಹಿಡಿದ ಕೈಯಲ್ಲೇ ಗಡ್ಡ ಕೆರೆದುಕೊಳ್ಳುವುದು ಅವರ ಚಾಳಿ. ಶುಕ್ರವಾರ ನಮಾಜಿಗೆ ಮುಂಚೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಮಸೀದಿಯಿಂದ ಬಂದು ಸ್ವಲ್ಪ ಹೊತ್ತಿಗೆ ಮತ್ತೆ ನೀಲಿ. ಗರಗಸದ ಸದ್ದಿಗೆ ಕಿವಿ ಮಂದವಾಗಿ ಮಾತೆಲ್ಲ ಜೋರು. ಊಟ ಆಯ್ತಾ ಅಂತ ಕೇಳಿದರೂ ಹೊಸಬರು ಜಗಳಕ್ಕೆ ಬಂದರು ಅಂದುಕೊಳ್ಳುತ್ತಿದ್ದರು.

ನಾನು ಮರದ ವ್ಯಾಪಾರದವನು. ರೈತರ ಬದುವಿನ ಮರವನ್ನು ನಿಂತಲ್ಲೇ ಮಾತಾಡಿ, ಕಡಿಸಿ, ಮಿಲ್ಲಿಗೆ ಹೊಡೆಯುವುದು ಕಸುಬು. ಪೂರಿಗಾಲಿ ಕಡೆಯ ಹಲಸು, ಬೇವು, ನಮ್ಮ ಸೋಮನಹಳ್ಳಿ ಸುತ್ತಿನ ಹೊಂಗೆ, ಜಾಲಿ, ಎಲ್ಲ ಬಂದು ಬೀಳುತ್ತಿದ್ದದ್ದು ಮದ್ದೂರಿನ ಅವರ ಅಂಗಳಕ್ಕೆ.

ಆ ಮಿಲ್ಲಿನ ಒಂದು ಮೂಲೆಯಲ್ಲಿ, ಇರಚಲು ಹೊಡೆಯದ ಕಡೆ, ಕೆಲವು ಹಲಗೆಗಳು ಗೋಡೆಗೆ ಒರಗಿರುತ್ತಿದ್ದವು. ಅವು ಮಾರಾಟಕ್ಕಲ್ಲ. ಮುಸಲ್ಮಾನರಲ್ಲಿ ಯಾರಾದರೂ ತೀರಿಕೊಂಡರೆ ಗೋರಿಯೊಳಗೆ, ದೇಹದ ಮೇಲೆ ಮಣ್ಣು ಬೀಳದ ಹಾಗೆ ಅಡ್ಡ ಹಾಸುವ ಹಲಗೆ. ಪಕ್ಕದಲ್ಲೇ ಒಣ ಸೌದೆಯ ರಾಶಿ, ಅದು ಸುಡುವ ಜಾತಿಯವರಿಗೆ. ಎರಡಕ್ಕೂ ಕಾಸು ಕೇಳುತ್ತಿರಲಿಲ್ಲ. ಒಮ್ಮೆ ಮಳವಳ್ಳಿಯ ಕಂಟ್ರಾಕ್ಟರೊಬ್ಬ ಆ ಹಲಗೆಗಳೇ ಬೇಕು, ಎಷ್ಟಾದರೂ ಕೊಡುತ್ತೇನೆ ಅಂತ ಕೂತುಬಿಟ್ಟ. ಸಾಹೇಬರು ಗಡ್ಡ ಕೆರೆದುಕೊಂಡು, "ಅದ್ರ ಗಿರಾಕಿ ಬೇರೆ ಅವ್ರೆ. ಅವ್ರು ಹೇಳಿ ಬರಾಕಿಲ್ಲ, ಬಂದ್ರೆ ನಾಳೆ ಬಾ ಅನ್ನಂಗಿಲ್ಲ" ಅಂದರು. ಆ ಮೂಲೆ ಖಾಲಿಯಾಗಬಾರದು, ಅದೊಂದು ಹಟ ಅವರಿಗೆ.

ನಮ್ಮಪ್ಪ ಹೋದದ್ದು ಜಡಿಮಳೆಯಲ್ಲಿ. ಊರೆಲ್ಲ ಹುಡುಕಿದರೂ ಒಣ ಸೌದೆ ಇಲ್ಲ. ನಾನು ಹೇಳಿಕಳಿಸುವ ಮುಂಚೆಯೇ ಅವರ ಟೆಂಪೊ ಟಾರ್ಪಾಲು ಹೊದ್ದುಕೊಂಡು ಮನೆ ಮುಂದೆ ಬಂತು. ಹಿಂದೆಯೇ ಸ್ಕೂಟರಿನಲ್ಲಿ ನೆನೆದು ತೊಪ್ಪೆಯಾದ ಸಾಹೇಬರು. ಗಡ್ಡದ ನೀಲಿ ಇಳಿದು ಬಿಳಿ ಜುಬ್ಬವೆಲ್ಲ ಬಳಿದುಕೊಂಡಿತ್ತು. ಅಲ್ಲಿಯವರೆಗೆ ಅಳದೆ ಇದ್ದವನು ಅದನ್ನು ನೋಡಿ ಅತ್ತುಬಿಟ್ಟೆ.

ಹೈವೇ ಅಗಲ ಮಾಡಲು ಸಾಲುಮರಗಳನ್ನು ಉರುಳಿಸಿದಾಗ ಹರಾಜಿನಲ್ಲಿ ಒಂದು ಲಾಟು ನಾನು ಹಿಡಿದೆ. ಹುಣಸೆ, ಗೋಣಿ, ಮಾವು, ಅಬ್ಬಬ್ಬಾ, ತಬ್ಬಿದರೆ ಕೈಗೆ ಸಿಗದ ದಿಮ್ಮಿಗಳು. ಕುಣಿದುಕೊಂಡು ಮಿಲ್ಲಿಗೆ ಹೊಡೆದೆ. ಸಾಹೇಬರು ಮಿಷಿನ್ ಹಾಕಲೇ ಇಲ್ಲ. ಎತ್ತಿನ ಮೈ ಸವರುವ ಹಾಗೆ ದಿಮ್ಮಿಯನ್ನು ಅಂಗೈಯಲ್ಲಿ ಉದ್ದಕ್ಕೂ ಸವರುತ್ತ ಕೂತರು. ರಸ್ತೆ ಬದಿಯ ಮರ ಅಂದರೆ ನಮ್ಮ ಜನಕ್ಕೆ ಬೋರ್ಡು ಹೊಡೆಯುವ ಗೂಟ ತಾನೆ. ಟ್ಯೂಷನ್ನಿನ ಬೋರ್ಡು, ಮೂಲವ್ಯಾಧಿ ಔಷಧದ್ದು, ಎಲೆಕ್ಷನ್ನಿನದು. ಹುಣಸೆಗಂತೂ ಮೈಮೇಲೆ ಬಂದ ದೆವ್ವ ಬಿಡಿಸಿ ಬಡಿದ ಮೊಳೆ ಬೇರೆ. ಮರ ಬೆಳೆಯುತ್ತ ಬೆಳೆಯುತ್ತ ಎಲ್ಲವನ್ನೂ ನುಂಗಿಕೊಂಡಿತ್ತು. ಒಂದು ಮೊಳೆ ತಗುಲಿದರೂ ಸಾಕು, ಗರಗಸದ ಪಟ್ಟಿ ತುಂಡಾಗಿ ಕೆಲಸದವನ ಕತ್ತಿಗೇ ಬರುತ್ತದೆ.

ನನಗೋ ತಡೆಯಲಾಗಲಿಲ್ಲ. ಹಿಂಗೆ ಸವರಿಕೊಂಡು ಕೂತರೆ ಮುಂದಿನ ಯುಗಾದಿಗೂ ಮುಗಿಯಲ್ಲ ಅಂತ ಕೂಗಾಡಿದೆ. ಅವರು ಉಳಿ ಸುತ್ತಿಗೆ ನನ್ನ ಕೈಗೇ ಕೊಟ್ಟು, "ಕೂಗಾಡೋ ಬದ್ಲು ಕೀಳು ಗೌಡ. ವಡ್ದೋರು ವಡ್ದು ಓದ್ರು, ಕೀಳೋರು ನಾವೇ ತಾನೆ" ಅಂದರು. ದಿನಗಟ್ಟಲೆ ಕೂತು ಇಬ್ಬರೂ ಕಿತ್ತೆವು. ಕೊನೆಗೆ ಒಂದು ಮಾವಿನ ದಿಮ್ಮಿಯಿಂದ ನಮ್ಮ ಮನೆಯ ಅಟ್ಟಕ್ಕೆ ಹಲಗೆ ಕುಯ್ದುಕೊಟ್ಟರು. ತೂತು ತೂತು ಹಲಗೆ ಅಂತ ನನ್ನ ಹೆಂಡತಿ ಮೂಗು ಮುರಿದಳು. "ತೂತಿರ್ಲಿ ಕಣಮ್ಮ, ಮೊಳೆ ಇಲ್ಲ, ನಾನೇ ಕಿತ್ತಿವ್ನಿ" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಹೋದರು.

ಆಮೇಲೆ ಮಿಲ್ಲು ಸೊರಗಿತು. ಮರ ಕಮ್ಮಿಯಾಯಿತು ಅಂದುಕೊಂಡರೆ ತಪ್ಪು. ಕಬ್ಬು ಬೆಳೆಯುತ್ತಿದ್ದ ಗದ್ದೆಯಲ್ಲೇ ಈಗ ಹೆಬ್ಬೇವು ಸಾಲಾಗಿ ನಿಂತಿದೆ. ಆದರೆ ಅದು ಹೋಗುವುದು ಸೀದಾ ಪ್ಲೈವುಡ್ ಫ್ಯಾಕ್ಟರಿಗೆ, ಮಿಲ್ಲಿನ ಮುಂದೆಯೇ ಲಾರಿ ಹಾದುಹೋಗುತ್ತದೆ. ಗಾಡಿ, ನೇಗಿಲು ಮಾಡಿಸುವವರಿಲ್ಲ. ಸೆಂಟ್ರಿಂಗಿಗೆ ಕಬ್ಬಿಣದ ಶೀಟು ಬಂತು. ಬಾಗಿಲು ಅಂದರೆ ಮಂಗಳೂರು ಬಂದರಿನಲ್ಲಿ ಇಳಿದ ಹೊರದೇಶದ ಮರ, ಇಲ್ಲವೇ ಸ್ಟೀಲು. ಫ್ಯಾಕ್ಟರಿಗಳಿಗೆ ಪ್ಯಾಕಿಂಗ್ ಪೆಟ್ಟಿಗೆ ಮಾಡಿಕೊಡುವ ಕೆಲಸವೊಂದು ಸ್ವಲ್ಪ ಕಾಲ ಕೈಹಿಡಿದಿತ್ತು, ಅದೂ ರಟ್ಟಿನ ಡಬ್ಬದ ಪಾಲಾಯಿತು. ಸಾಹೇಬರ ಮಗ ಮಿಲ್ಲಿನ ಮುಂಭಾಗದಲ್ಲೇ ಪ್ಲೈವುಡ್ ಅಂಗಡಿ ಇಟ್ಟ. ನಾನೂ ಹೆಬ್ಬೇವಿನ ಲೋಡು ಹೊಡೆಯತೊಡಗಿದೆ. ಸಾಹೇಬರು ಇಬ್ಬರಿಗೂ ಹೊಟ್ಟೆಪಾಡು ಬುಡು ಅಂದರು.

ಮೂಲೆಯ ಚಿಂತೆ ಮಾತ್ರ ಅವರನ್ನು ಬಿಡಲಿಲ್ಲ. ಹಳೇ ಪೆಟ್ಟಿಗೆ, ಕೆಡವಿದ ಮನೆಗಳ ಬಾಗಿಲು ಕೇಳಿ ತಂದು, ಮೊಳೆ ಕಿತ್ತು, ಹಲಗೆ ಹೊಂದಿಸಿ ಒರಗಿಸುತ್ತಿದ್ದರು. ಕೊರೊನಾ ಬಂದಾಗ ಅಷ್ಟೂ ಖಾಲಿಯಾಯಿತು. ಮತ್ತೆ ತುಂಬಲಿಲ್ಲ. ಮಿಷಿನ್ನೂ ಗುಜರಿಗೆ ಹೋಯಿತು. ಈಗ ಗೋರಿಗೆ ಸಿಮೆಂಟ್ ಚಪ್ಪಡಿ ಸಿಗುತ್ತದೆ, ಯಾಕೆ ಕೊರಗುತ್ತೀರಿ ಅಂತ ಜನ ಸಮಾಧಾನ ಹೇಳಿದರು. ಅವರು ಆ ಗೋಡೆಯನ್ನೇ ನೋಡುತ್ತ ಕೂತಿರುತ್ತಿದ್ದರು. ನೀಲಿ ಪಟ್ಟೆ ಹೋಗಿ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಗ ಫೋನ್ ಮಾಡಿದ. ಅಪ್ಪ ಹೋದರು, ಮಧ್ಯಾಹ್ನದ ನಮಾಜು ಆದ ಮೇಲೆ ಮಣ್ಣು ಅಂದ. ಆಮೇಲೆ, "ಅಣ್ಣ, ಎಲ್ಲಾದ್ರೂ ಮರದ ಹಲಗೆ ಸಿಗ್ತದಾ? ಊರಿಗೆಲ್ಲ ಕೊಟ್ಟೋರು. ಅವ್ರಿಗೆ ಸಿಮೆಂಟು ಹಾಕಾಕೆ ನನ್ ಕೈಲಾಗಲ್ಲ" ಅಂದ.

ಮಂಡ್ಯ, ಮಳವಳ್ಳಿ, ಗೊತ್ತಿದ್ದ ಕಡೆಗೆಲ್ಲ ಫೋನ್ ಹೊಡೆದೆ. ಪ್ಲೈವುಡ್ ಆದರೆ ಈಗಲೇ, ಮರ ಆದರೆ ನಾಳೆ ಅಂದರು. ನಾಳೆ ಅನ್ನುವ ಹಾಗಿಲ್ಲವಲ್ಲ. ತಲೆ ಮೇಲೆ ಕೈಹೊತ್ತು ಕೂತವನಿಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳಿಸಿತು. ಹೋಗಿ ನೋಡಿದರೆ ಹೆಂಡತಿ ಏಣಿ ಹತ್ತಿ ಅಟ್ಟದ ಮೇಲಿದ್ದ ಹಂಡೆ ಕೊಳಗಗಳನ್ನು ಇಳಿಸುತ್ತಿದ್ದಳು. ನಾನೇನೂ ಹೇಳಿರಲಿಲ್ಲ.

ಖಬರಸ್ತಾನದಲ್ಲಿ ಮಗ ಅಟ್ಟದ ಒಂದೊಂದೇ ಹಲಗೆಯನ್ನು ನನ್ನ ಕೈಯಿಂದ ಇಸಿದುಕೊಂಡ. ಕೆಳಗಿಳಿಸುವ ಮುಂಚೆ ಅಪ್ಪನ ಹಾಗೆಯೇ ಅಂಗೈಯಲ್ಲಿ ಉದ್ದಕ್ಕೂ ಸವರಿದ.

"ಮೊಳೆ ಇಲ್ಲ ಕಣಪ್ಪ" ಅಂದೆ. "ನಿಮ್ಮಪ್ಪನೇ ಕಿತ್ತವ್ರೆ."