ಈಶಾನ್ಯ ಮೂಲೆಯ ಬೆಂಚು

ಬಾಡಿಗೆ ಮನೆಯ ಮಾಲೀಕರು ಕೇಳಿದ ಕೂಡಲೇ ಯಾವುದಕ್ಕಾದರೂ ಒಪ್ಪಿಬಿಟ್ಟರೆ ನನಗೆ ಸಂಶಯ ಬರುತ್ತದೆ. ಶ್ರೀರಾಂಪುರದ ಈ ಮನೆಯಲ್ಲಿ ನಾನು ಕೆಳಗೆ, ಮಾಲೀಕ ದಂಪತಿ ಮಹಡಿಯಲ್ಲಿ. ನನಗೆ ಕಾರಿಲ್ಲದ್ದರಿಂದ ನನ್ನ ಪಾಲಿನ ಕಾರ್ ಶೆಡ್ಡು ಖಾಲಿ ಬಿದ್ದಿತ್ತು. ಅಲ್ಲಿ ಮರಗೆಲಸಕ್ಕೊಂದು ಗಟ್ಟಿ ಬೆಂಚು ಹಾಕಿಕೊಳ್ಳಬಹುದೇ ಎಂದು ಕೇಳಿದಾಗ ಮಾಲೀಕರು ಪೇಪರಿನಿಂದ ತಲೆ ಎತ್ತದೆ, "ಹಾಕ್ಕೊಳಿ, ಅದಕ್ಕೇನಂತೆ" ಎಂದುಬಿಟ್ಟರು. ಕ್ಯಾಲೆಂಡರ್ ನೇತುಹಾಕಲು ಗೋಡೆಗೆ ಮೊಳೆ ಹೊಡೆಯುತ್ತೇನೆಂದಾಗ ಮೊಳೆಯ ಉದ್ದ ಎಷ್ಟು ಎಂದು ಕೆಳಗಿಳಿದು ಬಂದು ನೋಡಿಹೋಗಿದ್ದ ಮನುಷ್ಯ ಇವರೇ.

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಿಡುವಿನಲ್ಲಿ ಸ್ಟೂಲು, ಪುಸ್ತಕದ ಶೆಲ್ಫು, ಮುಚ್ಚಳವಿರುವ ಪೆಟ್ಟಿಗೆ ಇಂಥವನ್ನು ಮಾಡುತ್ತೇನೆ. ಇದನ್ನು ಯಾರಿಗೂ ಹೇಳಿಕೊಂಡಿಲ್ಲ. ಹೇಳಿದರೆ ಒಂದೋ ನಗುತ್ತಾರೆ, ಇಲ್ಲವೇ ತಮಗೂ ಒಂದು ಮಾಡಿಕೊಡು ಎನ್ನುತ್ತಾರೆ. ಊಟದ ಮೇಜೇ ನನ್ನ ಕೆಲಸದ ಮೇಜೂ ಆಗಿತ್ತು. ಹಲಗೆಯನ್ನು ನುಣುಪು ಮಾಡಲು ತೋಪಡ ತಳ್ಳಿದರೆ ಮೇಜೂ ನನ್ನ ಮುಂದೆ ಮುಂದೆ ಜರುಗುತ್ತಾ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಅಲುಗಾಡದ ಬೆಂಚು ಇಲ್ಲದಿದ್ದರೆ ಈ ಕೆಲಸವನ್ನೇ ಬಿಟ್ಟುಬಿಡಬೇಕು ಎನ್ನುವಂತಾಗಿತ್ತು. ಬಿಡಲು ನನಗೆ ಮನಸ್ಸಿರಲಿಲ್ಲ. ದಿನದಲ್ಲಿ ನಾನು ಯಾರಿಗೂ ಏನನ್ನೂ ವಿವರಿಸಬೇಕಿಲ್ಲದ ಹೊತ್ತು ಅದೊಂದೇ.

ಹಳೆಯ ಮನೆಗಳನ್ನು ಕೆಡವಿದ ಮರ ಮಾರುವ ಅಂಗಡಿಯೊಂದು ಮಂಡಿ ಮೊಹಲ್ಲಾದಲ್ಲಿದೆ. ಅಂಗಡಿಯವರು ಕಪ್ಪಗಿನ ತೊಲೆಯೊಂದನ್ನು ತಟ್ಟಿ, "ತೇಗ ಮೇಡಂ, ಕಣ್ಮುಚ್ಕೊಂಡು ತಗೊಳಿ" ಎಂದರು. ನಾನು ಕಣ್ಣು ಮುಚ್ಚಲಿಲ್ಲ. ಚಾಕುವಿನಿಂದ ಅಂಚನ್ನು ಕೆರೆದು ಮೂಸಿ ನೋಡಿದೆ.

"ಇದು ಮತ್ತಿ ಮರ."

"ತೇಗದಂಗೇ ಬಾಳಿಕೆ ಬತ್ತದೆ ಅಂದೆ ಮೇಡಂ."

"ನೀವು ತೇಗ ಅಂದ್ರಿ."

"ಅರ್ಧ ಹೇಳಿದ್ದೆ, ಇನ್ನರ್ಧ ಹೇಳೋದ್ರೊಳಗೆ ನೀವು ಚಾಕು ತೆಗುದ್ರಿ" ಎಂದು ಅವರು ನಕ್ಕರು. ನನಗೆ ಬೇಕಿದ್ದದ್ದೂ ಭಾರದ ಮರವೇ. ಅಲ್ಲೇ ಅಳತೆಗೆ ಕುಯ್ಯಿಸಿ ತಂದೆ.

ಬೆಂಚು ಮುಗಿಯಲು ಒಂದು ಬೇಸಿಗೆ ರಜೆ ಹಿಡಿಯಿತು. ಶೆಡ್ಡಿನ ಈಶಾನ್ಯ ಮೂಲೆಯಲ್ಲಿ ಕಿಟಕಿಯಿದೆ, ಪ್ಲಗ್ ಪಾಯಿಂಟೂ ಅಲ್ಲೇ. ಆದ್ದರಿಂದ ಬೆಂಚನ್ನು ಅಲ್ಲಿಯೇ ನಿಲ್ಲಿಸಿ ಜೋಡಿಸಿದೆ. ಎರಡೂ ಕೈ ಊರಿ ತಳ್ಳಿದೆ. ಅಲುಗಲಿಲ್ಲ. ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅದರ ಮೇಲೆ ಕೂತಿದ್ದೆ.

ಅದಾಗಿ ಕೆಲವು ವಾರಕ್ಕೆ ಮಾಲೀಕರ ಹೆಂಡತಿ ಬಟ್ಟೆ ಒಣಹಾಕಲು ಬಂದವರು ಕೇಳಿದರು: "ಅಲ್ಲ ಕಣಮ್ಮ, ಆ ನಿನ್ ಬೆಂಚು ಎಷ್ಟು ತೂಕ ಇರಬೋದು?"

ಬೆಂಚನ್ನು ನೋಡಿದವರು ಚೆನ್ನಾಗಿದೆ ಎನ್ನಬಹುದು, ಯಾಕೆ ಎನ್ನಬಹುದು. ತೂಕವನ್ನು ಯಾರು ಕೇಳುತ್ತಾರೆ? ನೆಲ ಕುಸಿಯಿತು, ಟೈಲ್ಸ್ ಬಿರುಕು ಬಿಟ್ಟಿತು ಎಂದು ಮುಂದೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಯೋಚನೆಯಿರಬೇಕು. "ನೋಡಿಲ್ಲ ಆಂಟಿ" ಎಂದು ಒಳಗೆ ಹೋದೆ.

ಮರುವಾರ ಕಾಲೇಜಿನಿಂದ ಬಂದಾಗ ಶೆಡ್ಡಿನ ಎದುರು ಮೂಲೆಯಲ್ಲಿ ಒಂದು ರುಬ್ಬುವ ಕಲ್ಲು ಕೂತಿತ್ತು. ಗುಂಡಿನ ಸಮೇತ. ಶೆಡ್ಡಿನ ಎರಡನೇ ಬೀಗದ ಕೈ ಮಾಲೀಕರ ಬಳಿ ಇದೆ ಎಂಬುದು ನನಗೆ ಗೊತ್ತಿತ್ತು, ಅವರು ಅದನ್ನು ಬಳಸುತ್ತಾರೆ ಎಂಬುದು ಗೊತ್ತಿರಲಿಲ್ಲ. ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಅದನ್ನು ಒಪ್ಪಬೇಕಾಗುತ್ತದೆ. ಆಮೇಲೆ ಗಟ್ಟಿಯಾಗಿ ಹೋದ ಸಿಮೆಂಟ್ ಮೂಟೆಯೊಂದು ಬಂತು. ಅದರ ಪಕ್ಕಕ್ಕೆ ಅಡುಗೆಕಟ್ಟೆಯ ಗ್ರಾನೈಟಿನ ಒಂದು ತುಂಡು. ಎಲ್ಲವೂ ಅದೇ ಮೂಲೆಗೆ, ನಾನಿಲ್ಲದ ಹೊತ್ತಿಗೆ.

ಅಗ್ರಿಮೆಂಟ್ ಮುಗಿಯುತ್ತಾ ಬಂದಿತ್ತು. ನನಗೆ ವಿಷಯ ಸ್ಪಷ್ಟವಾಯಿತು: ಬಾಯಿಬಿಟ್ಟು ಹೊರಡಿ ಎನ್ನಲು ಸಂಕೋಚ, ಅದಕ್ಕೇ ಒಂದೊಂದೇ ಸಾಮಾನು ತುಂಬಿ ನನ್ನನ್ನು ಹೊರಗೆ ತಳ್ಳುತ್ತಿದ್ದಾರೆ. ಮೊದಲು ಶೆಡ್ಡು, ಆಮೇಲೆ ಮನೆ. ಹೊಸ ಮನೆಗೆ ಹೋಗಬಹುದು, ಆದರೆ ಶೆಡ್ಡಿರುವ ಮನೆ ಎಲ್ಲಿ ಸಿಗುತ್ತದೆ? ಆ ಬೆಂಚನ್ನು ಬಿಚ್ಚಿದರೆ ಮತ್ತೆ ಅಷ್ಟೇ ಬಿಗಿಯಾಗಿ ಕೂಡಿಸುವ ಧೈರ್ಯ ನನಗಿರಲಿಲ್ಲ.

ಯಾರು ಬರುತ್ತಾರೆಂದು ತಿಳಿಯಬೇಕೆಂದು ಒಂದು ಬೆಳಿಗ್ಗೆ ಮರದ ಹೊಟ್ಟನ್ನು ಗುಡಿಸದೆ, ಬಾಗಿಲಿನಿಂದ ಆ ಮೂಲೆಯವರೆಗೆ ತೆಳ್ಳಗೆ ಹರಡಿ ಹೋದೆ. ಹೆಜ್ಜೆ ಮೂಡುತ್ತದೆ ಎಂದುಕೊಂಡಿದ್ದೆ. ಸಂಜೆ ಬಂದು ನೋಡಿದರೆ ಇಡೀ ಶೆಡ್ಡು ಗುಡಿಸಿ ಸ್ವಚ್ಛವಾಗಿತ್ತು. ಹೊಟ್ಟನ್ನು ಒಂದು ಚೀಲದಲ್ಲಿ ತುಂಬಿ ಬಾಯಿ ಕಟ್ಟಿ, ಅದನ್ನೂ ಅದೇ ಮೂಲೆಗೆ ಇಟ್ಟಿದ್ದರು.

ಕೊನೆಗೆ ಒಂದು ದಿನ ಮಧ್ಯಾಹ್ನದ ತರಗತಿ ರದ್ದಾಗಿ ಬೇಗ ಬಂದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಮಾಲೀಕರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಡೆದ ಟೈಲ್ಸ್ ತುಂಬಿದ ಗೋಣಿಚೀಲವನ್ನು ಹಿಂದಕ್ಕೆ ಹಿಂದಕ್ಕೆ ಎಳೆಯುತ್ತಿದ್ದರು.

"ಏನು ಆಂಟಿ ಇದು?"

"ಅಯ್ಯೋ, ಬಂದ್ಬುಟ್ಯಾ!" ಚೀಲ ಬಿಟ್ಟು ಸೊಂಟ ಹಿಡಿದುಕೊಂಡು ನೆಟ್ಟಗಾದರು. "ಒಂದ್ ಕೈ ಹಾಕು ಬಾ, ಸೊಂಟ ಬಿದ್ದೋಯ್ತು."

ನಾನು ಕೈ ಹಾಕಲಿಲ್ಲ. "ನಾನು ಮನೆ ಖಾಲಿ ಮಾಡಬೇಕಾ? ನೇರವಾಗಿ ಹೇಳಿಬಿಡಿ."

"ಖಾಲಿ ಮಾಡ್ಬಾರ್ದು ಅಂತಲೇ ಕಣಮ್ಮ ಇಷ್ಟೆಲ್ಲಾ ಹೊರ್ತಿರೋದು!"

ಆಗ ವಿಷಯ ಹೊರಬಿತ್ತು. ಮಾಲೀಕರ ಸ್ನೇಹಿತರೊಬ್ಬರು ವಾಸ್ತು ನೋಡುವವರಂತೆ. ಕಾಫಿಗೆ ಬಂದವರು ಕಿಟಕಿಯಲ್ಲಿ ಇಣುಕಿ, ಈಶಾನ್ಯದಲ್ಲಿ ಇಷ್ಟು ಭಾರ ಹೇರಿದ್ದೀರಲ್ಲ, ಆ ಮೂಲೆ ಹಗುರವಾಗಿರಬೇಕು ಎಂದು ಹೇಳಿಹೋಗಿದ್ದರು. ಅಂದಿನಿಂದ ಮಾಲೀಕರ ಮಂಡಿನೋವು, ಕೆಟ್ಟುಹೋದ ಮೋಟರು, ಎಲ್ಲವೂ ನನ್ನ ಬೆಂಚಿನ ತಲೆಗೆ ಬಂದಿತ್ತು. ಅಗ್ರಿಮೆಂಟ್ ಮುಗಿಯಲಿ, ಬಾಡಿಗೆಗೆ ಬೇರೆಯವರನ್ನು ನೋಡೋಣ ಎಂದು ಮಾಲೀಕರು ಹೇಳಿದ್ದರಂತೆ.

"ನಾನೇ ಆ ಮನುಷ್ಯನ್ನ ಹಿಡ್ಕೊಂಡು ಕೇಳ್ದೆ, ನೈಋತ್ಯದಲ್ಲಿ ಇದಕ್ಕಿಂತ ಜಾಸ್ತಿ ಭಾರ ಇಟ್ಬುಟ್ರೆ ಆಯ್ತದಾ ಅಂತ. ಆಯ್ತದೆ ಅಂದ್ರು. ಬೆಂಚು ಎಷ್ಟು ತೂಕ ಅಂತ ನಿನ್ನ ಕೇಳುದ್ರೆ ನೀನ್ ಮುಖ ತಿರುಗಿಸ್ಕೊಂಡು ಹೋದೆ. ಅಂದಾಜಿನ್ ಮೇಲೇ ಹೊತ್ತಾಕ್ತಾ ಇದೀನಿ."

"ನನಗೆ ಮೊದಲೇ ಹೇಳಬಹುದಿತ್ತಲ್ಲ?"

"ಓದಿರೋಳು ನೀನು. ನಗ್ತಿದ್ದೆ."

ಬಹುಶಃ ನಗುತ್ತಿದ್ದೆ, ಒಳಗೆ ಹೋದಮೇಲೆ. "ನಾನೇ ಇರಬೇಕು ಅಂತ ನಿಮಗೆ ಯಾಕೆ?" ಎಂದೆ.

"ನಿನ್ನಂಥೋಳು ಎಲ್ ಸಿಗ್ತಾಳೆ? ಬರೋರಿಲ್ಲ, ಹೋಗೋರಿಲ್ಲ. ಭಾನುವಾರ ಕೂಡ ಫೋನಲ್ ಜೋರಾಗ್ ಮಾತಾಡಲ್ಲ. ಅವರೆಕಾಯಿ ಸಿಪ್ಪೆನೂ ಪೇಪರಲ್ಲಿ ಸುತ್ತಿ ಹಾಕ್ತೀಯ."

ಹೊಗಳಿಕೆಯೇ ಇರಬೇಕು. ಆದರೆ ಇಷ್ಟು ದಿನ ನನ್ನ ಕಸದ ಬುಟ್ಟಿಯವರೆಗೂ ಯಾರೋ ಗಮನಿಸುತ್ತಿದ್ದರು.

ಅಷ್ಟರಲ್ಲಿ ಮಾತು ಕೇಳಿ ಮಾಲೀಕರು ಇಳಿದು ಬಂದರು. ಹೆಂಡತಿಯನ್ನು, ಚೀಲವನ್ನು, ನನ್ನನ್ನು ನೋಡಿದರು. ನೇರ ಈಶಾನ್ಯಕ್ಕೆ ಹೋಗಿ ಬೆಂಚಿಗೆ ಭುಜ ಕೊಟ್ಟು ತಳ್ಳಿದರು. ಬೆಂಚು ಅಲುಗಲಿಲ್ಲ. ಆಮೇಲೆ ನೈಋತ್ಯದ ರಾಶಿಯ ಮುಂದೆ ನಿಂತು, ಅಂಗಡಿಯಲ್ಲಿ ತಕ್ಕಡಿ ನೋಡುವವರ ಹಾಗೆ ಎರಡೂ ಕಡೆ ಕಣ್ಣು ಹಾಯಿಸಿದರು.

"ಇನ್ನೂ ಕಮ್ಮಿನೇ ಇದೆ" ಎಂದರು.

"ಏನ್ರೀ ಕಮ್ಮಿ? ರುಬ್ಬೋ ಕಲ್ಲೊಂದೇ ಸಾಲ್ದಾ?" ಎಂದರು ಹೆಂಡತಿ.

"ಆ ಮರ ನೋಡೇ. ಕಬ್ಬಿಣ ಇದ್ದಂಗಿದೆ. ಅನುಮಾನಕ್ಕೆ ಎಡೆ ಇರಬಾರ್ದು." ನನ್ನ ಕಡೆ ತಿರುಗಿದರು. "ನೀವೇ ಹೇಳಿ. ನೀವು ಮಾಡಿರೋದು. ಸಮ ಇದೆಯಾ?"

ಇದನ್ನೆಲ್ಲ ನಾನು ನಂಬುವುದಿಲ್ಲ ಎಂದು ಹೇಳಲು ಅದು ಒಳ್ಳೆಯ ಸಂದರ್ಭವಾಗಿತ್ತು. ಹೇಳಿದರೆ ಗೆದ್ದು, ಬೆಂಚು ಬಿಚ್ಚಿಕೊಂಡು ಹೊರಡಬೇಕಾಗುತ್ತಿತ್ತು. ಕಿಟಕಿಯಿಂದ ಬೆಳಕು ಬೆಂಚಿನ ಮೇಲೆ ಉದ್ದಕ್ಕೆ ಬಿದ್ದಿತ್ತು. "ಸಮ ಇಲ್ಲ ಅಂಕಲ್" ಎಂದೆ. ಬೆಂಚಿನ ಕೆಳಗೆ ಉಳಿದಿದ್ದ ತೊಲೆಯ ತುಂಡುಗಳನ್ನು ಒಂದೊಂದಾಗಿ ಎಳೆದುಕೊಂಡು ಹೋಗಿ ಗ್ರಾನೈಟಿನ ಮೇಲೆ ಪೇರಿಸಿದೆ. ಹೀಗೆ ಮಾಡಿದರೆ ಬೆಂಚಿನ ಕಡೆ ಭಾರ ಇಳಿಯುತ್ತದೆ, ಈ ಕಡೆ ಏರುತ್ತದೆ ಎಂದು ವಿವರಣೆಯನ್ನೂ ಕೊಟ್ಟೆ. ನನ್ನ ದನಿ ಪಾಠ ಮಾಡುವ ದನಿಯೇ ಆಗಿತ್ತು. ಮಾಲೀಕರು ತಲೆದೂಗಿದರು.

"ಹಂಗಾದ್ರೆ ಸರಿ. ಅಗ್ರಿಮೆಂಟ್ ಮುಂದುವರಿಸೋಣ ಬಿಡಿ."

ಅವರು ಮೇಲೆ ಹೋದಮೇಲೆ ಹೆಂಡತಿ ನನ್ನ ಭುಜ ತಟ್ಟಿ, "ಬುದ್ಧಿವಂತೆ ಕಣೇ" ಎಂದರು. ಯಾವುದಕ್ಕೆ ಹಾಗೆಂದರೋ ಮುಖ ನೋಡಿ ತಿಳಿಯಲಿಲ್ಲ.

ಅಗ್ರಿಮೆಂಟಿಗೆ ಸಹಿ ಹಾಕಿದ ವಾರವೇ ನೈಋತ್ಯಕ್ಕೆ ಅವರ ಹಳೆಯ ಹೊಲಿಗೆ ಯಂತ್ರ ಬಂದು ಕೂತಿತು. ಅದರ ಹಿಂದೆಯೇ ಎರಡು ತುಕ್ಕು ಹಿಡಿದ ಟ್ರಂಕು, ಹವಾ ಹೋದ ಸ್ಕೂಟರ್ ಟೈರುಗಳು. ಟೈರಿನ ಮೇಲೆ ಟೈರು ಜೋಡಿಸುತ್ತಾ, "ಭಾರ ಇದ್ದಷ್ಟೂ ಒಳ್ಳೇದು ಕಣಮ್ಮ" ಎಂದರು ಆಂಟಿ. ನಾನು ತೋಪಡ ಕೆಳಗಿಟ್ಟು, ಒಂದೇ ಕೈಯಲ್ಲಿ ಎತ್ತಬಹುದಾದ ಆ ಟೈರುಗಳನ್ನೇ ನೋಡಿದೆ. ಬೆಂಚಿಗೆ ನಾನು ಹೊಸದಾಗಿ ಏನನ್ನೂ ಸೇರಿಸಿರಲಿಲ್ಲ.